ಡ್ಯೂಟಿಲಿದ್ದಾಗ ಮಗು ಬಿದ್ರೆ, ಆಮೇಲೆ ಹೋಮ್ ನರ್ಸ್ ಏನ್ ಮಾಡ್ಬೇಕು

ಆಸ್ಪತ್ರೆಲಿ ಏನಾದ್ರೂ ಆದ್ರೆ ಪಕ್ಕದಲ್ಲಿ ಇನ್ನೊಬ್ರು ಸಿಸ್ಟರ್ ಇರ್ತಾರೆ, ಮನೆ ಡ್ಯೂಟಿಲಿ ನಾವೊಬ್ರೇ. ಅದಕ್ಕೇ ಇದನ್ನ ಬರೀತಿದೀನಿ.

ನಾನು ನೋಡ್ಕೋತಿದ್ದ ಮಗುಗೆ ಆರು ವರ್ಷ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರದ ಸ್ಥಿತಿ), ನಿಲ್ಲೋಕಾಗಲ್ಲ. ಮಂಚದ ರೈಲ್ (ಮಗು ಬೀಳದ ಹಾಗೆ ಪಕ್ಕಕ್ಕಿರೋ ತಡೆಕಂಬಿ) ಇಳಿಸಿ ಬಟ್ಟೆ ಬದಲಾಯಿಸ್ತಿದ್ದೆ, ಒಲೆ ಮೇಲೆ ಹಾಲು ಉಕ್ಕೋ ವಾಸನೆ ಬಂತು, ಆಫ್ ಮಾಡಿ ಬರೋಣ ಅಂತ ಓಡ್ದೆ, ಅಷ್ಟರಲ್ಲೇ ಧೊಪ್ ಅಂತ ಸದ್ದು. ತೊಡೆ ಮೂಳೆ ಮುರ್ದಿತ್ತು.

ಮೊದಲು ಮಗು. ಗಾಬರಿಲಿ ಎತ್ಕೊಂಡ್ಬಿಡ್ಬೇಡಿ, ಕಾಲು ಸೊಟ್ಟ ಇದ್ರೆ ನೇರ ಮಾಡೋಕೆ ಹೋಗ್ಬೇಡಿ, 108ಕ್ಕೆ ಫೋನ್ ಮಾಡಿ. ತಲೆಗೆ ಏಟು ಬಿದ್ದು ಪದೇ ಪದೇ ವಾಂತಿ, ಮಂಪರು, ಫಿಟ್ಸ್ ಏನೇ ಕಂಡ್ರೂ ಒಂದ್ ನಿಮಿಷ ಕಾಯ್ಬೇಡಿ. ಎಷ್ಟು ಎತ್ತರದಿಂದ, ಯಾವ ಮಗ್ಗುಲಿಗೆ, ಎಷ್ಟೊತ್ತಿಗೆ ಬಿತ್ತು ಅಂತ ಡಾಕ್ಟ್ರಿಗೆ ಇದ್ದದ್ದು ಇದ್ದಂಗೆ ಹೇಳಿ. ಅಪ್ಪ ಅಮ್ಮಂಗೂ ನೀವೇ ಹೇಳಿ. "ಹೇಗೋ ಬಿದ್ಬಿಡ್ತು" ಅನ್ಬೇಡಿ, "ರೈಲ್ ಹಾಕದೆ ಹೋದೆ" ಅನ್ನಿ. ಆ ಮಾತು ಹೇಳುವಾಗ ಗಂಟಲು ಕಟ್ಟುತ್ತೆ, ಆದ್ರೂ ಮುಚ್ಚಿಟ್ಟಿದ್ರೆ ರಾತ್ರಿ ಅದೇ ಬಂದು ಎದೆ ಮೇಲೆ ಕೂರುತ್ತೆ.

ಅವತ್ತೇ ನಡೆದದ್ದನ್ನ ಟೈಮ್ ಸಮೇತ ಬರ್ದಿಡಿ, ನಿಮ್ಮನ್ನ ಡ್ಯೂಟಿಗೆ ಕಳಿಸಿದ ಏಜೆನ್ಸಿಗೆ ಕೊಡೋದ್ರ ಒಂದು ಕಾಪಿ ನಿಮ್ಮ ಹತ್ರ ಇರ್ಲಿ, ಖಾಲಿ ಹಾಳೆಗೆ ಸೈನ್ ಹಾಕ್ಬೇಡಿ. ನಂಗೆ ತುಂಬ ಆಸರೆ ಆಗಿದ್ದು ಈ ಬರೆಯೋದೇ. ತಲೇಲಿ "ನಾನು ಪಾಪಿ" ಅಂತ ಒಂದೇ ಮಾತು ಸುತ್ತುತಿತ್ತು, ಹಾಳೆ ಮೇಲೆ ನೋಡಿದ್ರೆ ರೈಲ್ ನನ್ನ ತಪ್ಪು, ಅದು ಪೂರ್ತಿ ನಂದೇ, ಆದ್ರೆ ಒಬ್ಳೇ ಮಗುನೂ ಅಡುಗೆನೂ ನೋಡ್ಬೇಕಾಗಿದ್ದು ನಾನು ಮಾಡ್ಕೊಂಡಿದ್ದಲ್ಲ. ಕಾಲೂರಿ ಭಾರ ಹಾಕದ ಮಕ್ಕಳ ಮೂಳೆ ಬಲ ಕಮ್ಮಿ ಇರುತ್ತೆ, ಸ್ವಲ್ಪ ಎತ್ತರದಿಂದ ಬಿದ್ರೂ ಮುರಿಯಬಹುದು ಅಂತ ಡಾಕ್ಟ್ರು ಹೇಳಿದ್ರು. ಇದು ನೆಪ ಅಲ್ಲ, ಲೆಕ್ಕ ಪೂರ್ತಿ ಆಗ್ಬೇಕಾದ್ರೆ ಇದೂ ಸೇರ್ಬೇಕು.

ಆಲ್ಬರ್ಟ್ ವೂ ಅನ್ನೋ ಅಮೆರಿಕದ ಡಾಕ್ಟ್ರು 2000ದಲ್ಲಿ ನಮ್ಮಂಥವರನ್ನ, ಅಂದ್ರೆ ತಮ್ಮ ತಪ್ಪಿಂದ ರೋಗಿಗೆ ನೋವಾಗಿ ತಾವೂ ಒಳಗೇ ನೋಯೋರನ್ನ, "ಎರಡನೇ ಬಲಿ" ಅಂತ ಕರೆದ್ರು, ಮೊದಲ ಬಲಿ ರೋಗಿ. ನಮ್ಮ ಸಂಕಟಕ್ಕೂ ಒಂದು ಹೆಸರಿದೆ ಅಂತ ಗೊತ್ತಾಗಿ ಸಮಾಧಾನ ಆಯ್ತು, ಆದ್ರೆ ಪ್ಲಾಸ್ಟರ್ ಹಾಕ್ಕೊಂಡ ಮಗುನ ತೊಡೆ ಮೇಲೆ ಇಟ್ಕೊಂಡಿರೋ ತಾಯಿ ಮುಂದೆ ಆ ಪದ ನನ್ನ ಬಾಯಿಂದ ಬರಲ್ಲ.

ಕ್ಷಮೆ ಒಂದ್ಸಲ ಕೇಳಿ, ಮನಸಾರೆ ಕೇಳಿ. ದಿನಾ ಕೇಳ್ಬೇಡಿ, ಅವ್ರೇ ನಮ್ಮನ್ನ ಸಮಾಧಾನ ಮಾಡ್ಬೇಕಾಗುತ್ತೆ. ಬೈದ್ರೆ ಕೇಳಿಸ್ಕೊಳ್ಳಿ. ನಾನು ಮೂರು ವಾರ ಬಿಟ್ಟು ಫೋನ್ ಮಾಡ್ದಾಗ ಅವರಮ್ಮ ಏನೂ ಮಾತಾಡ್ಲಿಲ್ಲ, ಫೋನ್‌ನ ಮಗು ಕಿವಿಗೆ ಹಿಡಿದ್ರು, ಅವನು ನನ್ನ ದನಿ ಕೇಳಿ ಊಂ ಅಂದ.

ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಬದುಕೋದೇ ಬೇಡ ಅನ್ಸಿದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಸಹಾಯವಾಣಿ, ಫ್ರೀ, ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು.

ಮತ್ತೆ ಡ್ಯೂಟಿಗೆ ಹೋದಾಗ ಮೊದಲ ಕೆಲವು ದಿನ ಮನೆಯವ್ರು ಯಾರಾದ್ರೂ ಜೊತೆಲಿರ್ಲಿ ಅಂತ ಬಾಯಿಬಿಟ್ಟು ಕೇಳಿ. ಈಗ ನಾನು ಬಟ್ಟೆ, ಒರೆಸೋದು ಎಲ್ಲ ಕೈಗೆ ಸಿಗೋ ಹಾಗೆ ಇಟ್ಕೊಂಡು, ಒಲೆ ಆಫ್ ಮಾಡಿ ಆಮೇಲೇ ರೈಲ್ ಇಳಿಸ್ತೀನಿ, ಮತ್ತೆ ಅದು ಟಕ್ ಅಂತ ಕೂರೋವರ್ಗೂ ಒಂದು ಕೈ ಮಗು ಮೇಲೇ ಇರುತ್ತೆ.