ಹಸ್ತ ನಕ್ಷತ್ರದ ನೆರೆಯ ಗೆಲಾಕ್ಸಿ ಜೋಡಿಯನ್ನು ನೋಡುವ ಕ್ರಮ

ಪರಸ್ಪರ ಸೆಳೆತದಿಂದ ರೂಪಗೆಟ್ಟ ಗೆಲಾಕ್ಸಿಗಳನ್ನು ನೋಡಬಯಸುವವರಲ್ಲಿ ಹದಿನಾರು ಇಂಚು ಅಗಲದ ಕನ್ನಡಿಯ, ಸರಳ ಪೀಠದ ಮೇಲೆ ತಿರುಗುವ ಡಾಬ್ಸೋನಿಯನ್ ದೂರದರ್ಶಕವಿದ್ದರೆ, ಯುಗಾದಿ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳನ್ನು ಅದಕ್ಕೆಂದೇ ಮೀಸಲಿಡಬೇಕು. ಆಗ ನಡುರಾತ್ರಿಯ ಸುಮಾರಿಗೆ ಹಸ್ತ ನಕ್ಷತ್ರವು ದಕ್ಷಿಣದಲ್ಲಿ ಮೇಲೇರಿರುತ್ತದೆ. ಅದರ ನೆರೆಯ ‘ಆಂಟೆನಾ’ ಜೋಡಿ, ಅಂದರೆ ಎನ್‌ಜಿಸಿ ಎಂಬ ಆಕಾಶಕಾಯಗಳ ಪಟ್ಟಿಯ 4038 ಮತ್ತು 4039, ಗದಗಿನಿಂದ ಸುಮಾರು 55 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಇಂಗ್ಲೆಂಡಿನವರು ಇದನ್ನು ದಿಗಂತದ ಮಬ್ಬಿನಲ್ಲಿಯೇ ಹುಡುಕಬೇಕು.

ಗದಗಿನ ಬೆಳಕು ಬೆನ್ನಿಗೆ ಬರುವಂತೆ ಮುಂಡರಗಿಯ ಕಡೆಗೆ ಹೋಗುವುದು ಲೇಸು. ಕಪ್ಪತಗುಡ್ಡ ವನ್ಯಧಾಮವಾದ್ದರಿಂದ ಅನುಮತಿಯಿಲ್ಲದೆ ರಾತ್ರಿ ಅಲ್ಲಿಗೆ ಹೋಗಬಾರದು. ಗಾಳಿಯಂತ್ರಗಳ ಕೆಂಪು ದೀಪಗಳೂ ಕಣ್ಣಿಗೆ ಕಿರಿಕಿರಿ. ಕಡಲೆ ಕಿತ್ತ ಹೊಲವನ್ನು ಮಾಲೀಕರ ಒಪ್ಪಿಗೆ ಪಡೆದು ಬಳಸಬಹುದು. ಆದರೆ ಎರೆಭೂಮಿ ಆ ಹೊತ್ತಿಗೆ ಬಿರುಕು ಬಿಟ್ಟಿರುವುದರಿಂದ ಪೀಠದ ಕಾಲು ಸಿಕ್ಕಿಕೊಳ್ಳದಂತೆ ದಪ್ಪ ಪ್ಲೈವುಡ್ ಹಾಸಬೇಕು. ಹಗಲಿನ ಬಿಸಿಲಿಗೆ ಕಾದ ಕನ್ನಡಿ ತಣಿಯಲು ಒಂದೆರಡು ಗಂಟೆ, ಕಣ್ಣು ಕತ್ತಲೆಗೆ ಹೊಂದಲು ಕನಿಷ್ಠ ಅರ್ಧ ಗಂಟೆ ಬೇಕು.

ಹಸ್ತದ ನಾಲ್ಕು ಮುಖ್ಯ ತಾರೆಗಳಲ್ಲಿ ವಾಯವ್ಯ ಮೂಲೆಯದರಿಂದ ನೈಋತ್ಯಕ್ಕೆ ಸುಮಾರು ಮೂರೂವರೆ ಡಿಗ್ರಿ ಸರಿದರೆ ಮಸುಕಾದ ಮಚ್ಚೆಯೊಂದು ಕಾಣುತ್ತದೆ. ಹೆಚ್ಚಿನವರು ಅದನ್ನು ಕಡಿಮೆ ವರ್ಧನೆಯಲ್ಲಿ ನೋಡಿ ಮುಂದೆ ಹೋಗುತ್ತಾರೆ. ಅಲ್ಲಿಯೇ ನಿಲ್ಲಬೇಕು. ವರ್ಧನೆಯನ್ನು 200 ಪಟ್ಟಿಗೆ ಏರಿಸಿದಾಗ ಗೆಲಾಕ್ಸಿಯೊಂದಿಗೆ ಆಕಾಶದ ಹಿನ್ನೆಲೆಯೂ ಅದೇ ಪ್ರಮಾಣದಲ್ಲಿ ಕಪ್ಪಾಗುತ್ತದೆ, ಬಿಂಬ ಮಾತ್ರ ಹಿಗ್ಗುತ್ತದೆ; ಮಂದ ಬೆಳಕಿನಲ್ಲಿ ಕಣ್ಣು ಚಿಕ್ಕದಕ್ಕಿಂತ ದೊಡ್ಡ ಆಕಾರವನ್ನು ಸುಲಭವಾಗಿ ಗುರುತಿಸುತ್ತದೆ. ಆಗ ಮಚ್ಚೆ ಎರಡು ಹೋಳಾಗಿ, ಬಾಗಿದ ಸಿಗಡಿಯಂತೆ ತೋರುತ್ತದೆ. ಮಂದ ಬೆಳಕು ನೇರ ನೋಟಕ್ಕಿಂತ ಓರೆನೋಟಕ್ಕೆ ಚೆನ್ನಾಗಿ ಕಾಣುವುದರಿಂದ, ಬಲಗಣ್ಣಿನಲ್ಲಿ ನೋಡುವವರು ದೃಷ್ಟಿಯನ್ನು ಮಚ್ಚೆಯ ಬಲಕ್ಕೆ ಸರಿಸಬೇಕು. ಮಚ್ಚೆ ಮೂಗಿನ ಕಡೆಗೆ ಉಳಿದರೆ ಕಣ್ಣಿನ ಕುರುಡುಚುಕ್ಕೆಗೆ, ಅಂದರೆ ಬೆಳಕು ಗ್ರಹಿಸದ ಜಾಗಕ್ಕೆ, ಸಿಕ್ಕಿ ಮರೆಯಾಗುವುದಿಲ್ಲ. ಹೊಳೆಯುವ ಅನಿಲದ ಬಣ್ಣಗಳನ್ನಷ್ಟೇ ಒಳಬಿಡುವ ನೆಬ್ಯುಲಾ ಫಿಲ್ಟರ್ ಇಲ್ಲಿ ನಿರುಪಯುಕ್ತ, ಏಕೆಂದರೆ ಇದು ಬಹುಪಾಲು ನಕ್ಷತ್ರಗಳ ಬೆಳಕು.

ಫೋಟೋದಲ್ಲಿ ಕಾಣುವ ಉದ್ದನೆಯ ಬಾಲಗಳನ್ನು ಈ ಅಳತೆಯ ಕನ್ನಡಿಯಿಂದ ನಿರೀಕ್ಷಿಸಬಾರದು. ಅವು ಉಬ್ಬರವಿಳಿತದ ಬಲದಿಂದಲೇ, ಅಂದರೆ ಒಂದು ಗೆಲಾಕ್ಸಿಯ ಸೆಳೆತ ಇನ್ನೊಂದರ ಹತ್ತಿರದ ಹಾಗೂ ದೂರದ ಭಾಗಗಳ ಮೇಲೆ ಹೆಚ್ಚುಕಡಿಮೆ ಇರುವುದರಿಂದಲೇ, ಹುಟ್ಟುತ್ತವೆಂದು 1972ರಲ್ಲಿ ಖಗೋಳ ವಿಜ್ಞಾನಿಗಳಾದ ಟೂಮ್ರೆ ಸಹೋದರರು ಗಣಕದ ಲೆಕ್ಕದಿಂದ ತೋರಿಸಿದರು.

ಬಾಲವನ್ನೇ ನೋಡುವ ಹಂಬಲವಿದ್ದವರು, ಇನ್ನೂ ದೊಡ್ಡ ಕನ್ನಡಿ ದೊರೆತಾಗ, ನೆತ್ತಿಯ ಬಳಿ ಹಾದುಹೋಗುವ ‘ಇಲಿಗಳು’ ಜೋಡಿಯನ್ನು, ಅಂದರೆ ಎನ್‌ಜಿಸಿ 4676ನ್ನು, ಪ್ರಯತ್ನಿಸಲಿ. ಮೊದಲು ಕಂಡಷ್ಟನ್ನು ಕಾಗದದ ಮೇಲೆ ಚಿತ್ರವಾಗಿ ಬರೆದು, ಆಮೇಲೆ ಫೋಟೋ ತೆರೆಯಬೇಕು. ಸಂದೇಹವಿದ್ದಲ್ಲಿ ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ಮಸುಕು ಗೆರೆಯು ಸುತ್ತಲಿನ ತಾರೆಗಳೊಂದಿಗೆ ಅಲುಗಿದರೆ ಮಾತ್ರ ಅದನ್ನು ಚಿತ್ರದಲ್ಲಿ ಉಳಿಸಿಕೊಳ್ಳಬಹುದು.