ಎಳೆಯ ಹೇಂಟೆಗಳ ಮೆತ್ತನೆಯ ಮೊಟ್ಟೆ: ನನ್ನ ಅನುಭವ

ಜಗಳೂರಿನ ಬಳಿ ನಾವು ಸಾಕಿದ ಹೇಂಟೆಗಳು ಹೊಸದಾಗಿ ಮೊಟ್ಟೆಗೆ ಬಂದಾಗ, ಹಲವು ಮೊಟ್ಟೆಗಳು ಚಿಪ್ಪಿಲ್ಲದೆ ಬರೀ ಪೊರೆಯಲ್ಲಿರುತ್ತಿದ್ದವು. ಎತ್ತಿದರೆ ಬೆರಳೊತ್ತಿದ ಕಡೆ ತಗ್ಗು ಬೀಳುತ್ತಿತ್ತು.

ಮೆಕ್ಕೆಜೋಳದ ನುಚ್ಚು ಹೆಚ್ಚಿಸಿದ್ದರಿಂದ ಪ್ರಯೋಜನವಾಗಲಿಲ್ಲ. ದಾವಣಗೆರೆ ಸೀಮೆಯಲ್ಲಿ ಅದು ಧಾರಾಳವಾಗಿ ಸಿಗುತ್ತದೆ ನಿಜ, ಆದರೆ ಚಿಪ್ಪು ಕಟ್ಟಲು ಬೇಕಾದ ಕ್ಯಾಲ್ಸಿಯಂ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನೀರಿಗೆ ಟಾನಿಕ್ ಬೆರೆಸಿದರೂ ಫಲ ಕಾಣಲಿಲ್ಲ. ಸುಣ್ಣಕಲ್ಲಿನ ನುಣ್ಣನೆಯ ಪುಡಿ ಕಲಸಿದರೆ ಅದೆಲ್ಲ ತೊಟ್ಟಿಯ ತಳದಲ್ಲೇ ಉಳಿಯುತ್ತಿತ್ತು.

ಬೆಳೆಯುವ ಕೋಳಿಗಳಿಗೆ ಕೊಡುವ ಗ್ರೋವರ್ ಆಹಾರದಲ್ಲಿ ಕ್ಯಾಲ್ಸಿಯಂ ಸುಮಾರು ಶೇ. 1 ಮಾತ್ರ ಇರುವುದರಿಂದ ಅದನ್ನು ನಿಲ್ಲಿಸಿ, ಶೇ. 3.5ರಿಂದ 4ರಷ್ಟು ಕ್ಯಾಲ್ಸಿಯಂ ಮತ್ತು ಶೇ. 17ರಷ್ಟು ಪ್ರೋಟೀನ್ ಇರುವ ಲೇಯರ್ ಮ್ಯಾಶ್ (ಮೊಟ್ಟೆಯಿಡುವ ಕೋಳಿಗಳ ಪುಡಿ ಆಹಾರ) ಅನ್ನು ಕೋಳಿಯೊಂದಕ್ಕೆ ದಿನಕ್ಕೆ 100ರಿಂದ 110 ಗ್ರಾಂ ಕೊಡತೊಡಗಿದೆ. ಮುಖ್ಯವಾದದ್ದು ಮುಂದಿನ ಹೆಜ್ಜೆ: 2ರಿಂದ 4 ಮಿ.ಮೀ. ಗಾತ್ರದ ಕಪ್ಪೆಚಿಪ್ಪಿನ ಚೂರನ್ನು ಮ್ಯಾಶ್‌ಗೆ ಬೆರೆಸದೆ, ಬೇರೆ ತಟ್ಟೆಯಲ್ಲಿ ಸಂಜೆ 4 ಗಂಟೆಗೆ ಇಡಬೇಕು. ಒಂದು ಚಿಪ್ಪು ಕಟ್ಟಲು ಸುಮಾರು 20 ಗಂಟೆ ಹಿಡಿಯುತ್ತದೆ. ಅದರ ಹೆಚ್ಚಿನ ಪಾಲು ಕೋಳಿ ಮೇಯದ ರಾತ್ರಿಯಲ್ಲೇ ನಡೆಯುವುದರಿಂದ, ಹೊಟ್ಟೆಯಲ್ಲಿ ನಿಧಾನವಾಗಿ ಕರಗುವ ದಪ್ಪ ಚೂರು ಆ ಹೊತ್ತಿಗೆ ಒದಗುತ್ತದೆ, ಪುಡಿ ಒದಗುವುದಿಲ್ಲ. ಬೇಕಾದಷ್ಟನ್ನು ಕೋಳಿಗಳೇ ಹೆಕ್ಕಿಕೊಳ್ಳುತ್ತವೆ.

ನುಚ್ಚು ಒಟ್ಟು ಆಹಾರದ ಹತ್ತನೇ ಒಂದು ಪಾಲನ್ನು ಮೀರಬಾರದು. ಇನ್ನೂ ಮೊಟ್ಟೆಗೆ ಬಾರದ ಮರಿಗಳಿಗೆ ಲೇಯರ್ ಮ್ಯಾಶ್ ಹಾಕಬಾರದು. ಅಷ್ಟು ಕ್ಯಾಲ್ಸಿಯಂನಿಂದ ಅವುಗಳ ಮೂತ್ರಪಿಂಡ ಕೆಡುತ್ತದೆ.