ಮೇನ್‌ಫ್ರೇಮ್‌ನಲ್ಲಿ ನೆಟ್‌ವರ್ಕ್ ಐ/ಒ ಶುರುವಾಗುವುದು ಹೇಗೆ: ನಾನೇ ಬರೆದು ನೋಡಿದ್ದು

ಐಬಿಎಂ ಮೇನ್‌ಫ್ರೇಮ್‌ನಲ್ಲಿ ಐ/ಒ, ಅಂದರೆ ಡೇಟಾ ಒಳಗೆ-ಹೊರಗೆ ಸಾಗಿಸುವ ಕೆಲಸಕ್ಕೆ, ಸಿಪಿಯು ಸಾಧನಗಳ (ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಇತ್ಯಾದಿ) ಜೊತೆ ನೇರವಾಗಿ ಮಾತಾಡುವುದಿಲ್ಲ. ಮಧ್ಯೆ ಚಾನೆಲ್ ಇರುತ್ತದೆ. ಏನು ಮಾಡಬೇಕು ಅಂತ ಸಿಪಿಯು ಮೆಮೊರಿಯಲ್ಲಿ ಬರೆದಿಡುತ್ತದೆ, ಚಾನೆಲ್ ಅದನ್ನು ಓದಿ ಮಾಡುತ್ತದೆ. 1964ರ ಸಿಸ್ಟಮ್/360ರಿಂದಲೂ ಇದೇ ಪದ್ಧತಿ. ಆಗ ಶುರು ಮಾಡುವ ಇನ್‌ಸ್ಟ್ರಕ್ಷನ್ ಎಸ್‌ಐಒ, ಅಂದರೆ ಸ್ಟಾರ್ಟ್ ಐ/ಒ. ಸಿಸ್ಟಮ್/370-ಎಕ್ಸ್‌ಎ ಬಂದ ಮೇಲೆ ಎಸ್‌ಎಸ್‌ಸಿಎಚ್, ಅಂದರೆ ಸ್ಟಾರ್ಟ್ ಸಬ್‌ಚಾನೆಲ್. ಚಾನೆಲ್ ವ್ಯವಸ್ಥೆಯಲ್ಲಿ ಒಂದೊಂದು ಸಾಧನವನ್ನೂ ಪ್ರತಿನಿಧಿಸುವುದೇ ಸಬ್‌ಚಾನೆಲ್.

ಕೆಲಸದಲ್ಲಿ ಇದೆಲ್ಲ ಆಪರೇಟಿಂಗ್ ಸಿಸ್ಟಮ್ ಒಳಗೇ ಮುಗಿದುಹೋಗುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ನನಗೆ ಅದನ್ನು ಬರಿಗೈಯಲ್ಲಿ ಮಾಡಿ ನೋಡಬೇಕಿತ್ತು. ಎಸ್‌ಎಸ್‌ಸಿಎಚ್ ಸೂಪರ್‌ವೈಸರ್ ಸ್ಥಿತಿಯಲ್ಲಿ (ಆಪರೇಟಿಂಗ್ ಸಿಸ್ಟಮ್‌ಗೆ ಮೀಸಲಾದ ಅಧಿಕಾರದಲ್ಲಿ) ಮಾತ್ರ ನಡೆಯುತ್ತದೆ, ಹಾಗಾಗಿ ಆಫೀಸಿನ ಮಷಿನ್‌ನಲ್ಲಿ ಪ್ರಯೋಗ ಮಾಡುವ ಮಾತೇ ಇಲ್ಲ. ಮನೆಯ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಮೇನ್‌ಫ್ರೇಮ್‌ನಂತೆ ನಟಿಸುವ ಹರ್ಕ್ಯುಲಿಸ್ ಎಮ್ಯುಲೇಟರ್ ಹಾಕಿಕೊಂಡೆ. ಅದರಲ್ಲಿ ಸಿಟಿಸಿಐ ಅನ್ನುವ ನೆಟ್‌ವರ್ಕ್ ಸಾಧನ ಇದೆ. ಅದಕ್ಕೆ ಎರಡು ಅಡ್ರೆಸ್ ಬೇಕು: ಓದುವುದಕ್ಕೆ 0600, ಬರೆಯುವುದಕ್ಕೆ 0601. ಆಪರೇಟಿಂಗ್ ಸಿಸ್ಟಮ್ ಇಲ್ಲದೆ, ನೇರವಾಗಿ ಐಪಿಎಲ್ (ಬೂಟ್) ಆಗುವ ಪುಟ್ಟ ಅಸೆಂಬ್ಲರ್ ಪ್ರೋಗ್ರಾಂ ಬರೆದೆ.

ಮೊದಲು ಸಬ್‌ಚಾನೆಲ್ ಸಿದ್ಧವಾಗಬೇಕು. ಎಸ್‌ಟಿಎಸ್‌ಸಿಎಚ್ ಇನ್‌ಸ್ಟ್ರಕ್ಷನ್‌ನಿಂದ ಅದರ ವಿವರ ತರಿಸಿಕೊಂಡು, ಎನೇಬಲ್ ಬಿಟ್ ಹಾಕಿ, ಎಂಎಸ್‌ಸಿಎಚ್‌ನಿಂದ ವಾಪಸ್ ಬರೆಯಬೇಕು. ಕೆಲಸ ಮುಗಿದಾಗ ಚಾನೆಲ್ ಸಿಪಿಯುಗೆ ಕೊಡುವ ಸಂಕೇತವೇ ಇಂಟರಪ್ಟ್. ಅದಕ್ಕಾಗಿ ಪಿಎಸ್‌ಡಬ್ಲ್ಯೂನಲ್ಲಿ (ಸಿಪಿಯುನ ಈಗಿನ ಸ್ಥಿತಿ ಇರುವ ಜಾಗ) ಐ/ಒ ಮಾಸ್ಕ್, ಅಂದರೆ ಇಂಟರಪ್ಟ್‌ಗೆ ಅನುಮತಿ ಕೊಡುವ ಬಿಟ್, ತೆರೆಯಬೇಕು. ಜೊತೆಗೆ ಕಂಟ್ರೋಲ್ ರಿಜಿಸ್ಟರ್ 6ರಲ್ಲೂ ಆ ಸಬ್‌ಚಾನೆಲ್‌ನ ಇಂಟರಪ್ಟ್ ವರ್ಗದ ಬಿಟ್ ಇರಬೇಕು. ಎರಡೂ ತೆರೆದಿದ್ದರೆ ಮಾತ್ರ ಇಂಟರಪ್ಟ್ ಬರುತ್ತದೆ.

ಆಮೇಲೆ ಸಿಸಿಡಬ್ಲ್ಯೂ, ಅಂದರೆ ಚಾನೆಲ್ ಓದಿ ಮಾಡುವ ಆಜ್ಞೆ. 8 ಬೈಟ್ ಅಷ್ಟೇ: ಕಮಾಂಡ್, ಫ್ಲ್ಯಾಗ್, ಎಷ್ಟು ಬೈಟ್, ಡೇಟಾ ಎಲ್ಲಿದೆ. ಬರೆಯುವುದಕ್ಕೆ ಕಮಾಂಡ್ 01, ಓದುವುದಕ್ಕೆ 02. ಡೇಟಾದ ಮೊದಲ 2 ಬೈಟ್ ಬ್ಲಾಕ್‌ನ ಉದ್ದ, ನಂತರ 6 ಬೈಟ್ ಹೆಡರ್, ಅದರ ಹಿಂದೆ ನಾನು ಕೈಯಲ್ಲೇ ಜೋಡಿಸಿದ ಐಪಿ ಪ್ಯಾಕೆಟ್. ಸಿಸಿಡಬ್ಲ್ಯೂ ಎಲ್ಲಿದೆ ಅಂತ ಒಆರ್‌ಬಿ ಅನ್ನುವ ಕೋರಿಕೆಯಲ್ಲಿ ಬರೆದು, ರಿಜಿಸ್ಟರ್ 1ರಲ್ಲಿ ಸಬ್‌ಚಾನೆಲ್ ಗುರುತು ಇಟ್ಟು, ಎಸ್‌ಎಸ್‌ಸಿಎಚ್ ಕೊಟ್ಟೆ. ಉತ್ತರವಾಗಿ ಕಂಡಿಷನ್ ಕೋಡ್ 0 ಬಂತು.

ಈ 0 ಅಂದರೆ ಪ್ಯಾಕೆಟ್ ಹೋಯಿತು ಅಂತ ಅಲ್ಲ. ಚಾನೆಲ್ ಕೆಲಸವನ್ನು ಒಪ್ಪಿಕೊಂಡಿತು, ಅಷ್ಟೇ. 1 ಬಂದರೆ ಹಳೆಯ ಸ್ಟೇಟಸ್ ಇನ್ನೂ ಬಾಕಿ ಇದೆ, 2 ಅಂದರೆ ಬ್ಯುಸಿ, 3 ಅಂದರೆ ಸಾಧನ ಸಿಗುತ್ತಿಲ್ಲ. ನಿಜವಾದ ಫಲಿತಾಂಶ ತಿಳಿಯುವುದು ಇಂಟರಪ್ಟ್ ಬಂದ ಮೇಲೆ. ಆಗ ಸ್ಟೇಟಸ್ ತರಿಸುವ ಟಿಎಸ್‌ಸಿಎಚ್ ಕೊಟ್ಟು, ಚಾನೆಲ್ ಎಂಡ್ (ಚಾನೆಲ್ ಮುಗಿಸಿತು), ಡಿವೈಸ್ ಎಂಡ್ (ಸಾಧನ ಮುಗಿಸಿತು) ಎರಡೂ ಇವೆಯಾ ಅಂತ ನೋಡಬೇಕು. ಎರಡೂ ಇದ್ದವು. ಲಿನಕ್ಸ್ ಕಡೆ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್‌ನಲ್ಲಿ ನನ್ನ ಪ್ಯಾಕೆಟ್ ಕಾಣಿಸಿದಾಗ ಆದ ಖುಷಿ ಹೇಳತೀರದು.

ಓದುವ ಕಡೆಗೆ ಬಂದಾಗಲೇ ನನಗೆ ಇಡೀ ವಿಷಯ ಅರ್ಥವಾದದ್ದು. ಡಿಸ್ಕ್ ನಾವು ಕೇಳಿದಾಗ ಕೊಡುತ್ತದೆ. ನೆಟ್‌ವರ್ಕ್ ಹಾಗಲ್ಲ, ಪ್ಯಾಕೆಟ್ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ನಲ್ಲಿಯಲ್ಲಿ ನೀರು ಬರುವ ಮೊದಲೇ ಬಿಂದಿಗೆ ಇಟ್ಟಿರಬೇಕು ಅಲ್ವಾ, ಹಾಗೆ 0600ರ ಮೇಲೆ ಓದುವ ಎಸ್‌ಎಸ್‌ಸಿಎಚ್ ಒಂದು ಯಾವಾಗಲೂ ಕಾಯುತ್ತಿರಬೇಕು. ಅದು ಮುಗಿದ ತಕ್ಷಣ ಇನ್ನೊಂದು ಕೊಡಬೇಕು. ಪ್ರತಿ ಬ್ಲಾಕ್‌ಗೂ ಒಂದು ಶುರು, ಒಂದು ಇಂಟರಪ್ಟ್. ಟ್ರಾಫಿಕ್ ಜಾಸ್ತಿಯಾದಾಗ ಈ ಖರ್ಚು ಭಾರಿ.

1999ರಲ್ಲಿ ಐಬಿಎಂ ತಂದ ಕ್ಯೂಡಿಐಒ, ಅಂದರೆ ಕ್ಯೂಗಳ ಮೂಲಕ ನೇರ ಐ/ಒ, ಇದನ್ನೇ ಬಗೆಹರಿಸಿತು. ಒಎಸ್‌ಎ-ಎಕ್ಸ್‌ಪ್ರೆಸ್ ಅನ್ನುವ ನೆಟ್‌ವರ್ಕ್ ಕಾರ್ಡ್‌ಗೆ ಮೂರು ಸಾಧನ ಬೇಕು: ಕಂಟ್ರೋಲ್ ಮಾತುಕತೆಗೆ ರೀಡ್ ಮತ್ತು ರೈಟ್, ಪ್ಯಾಕೆಟ್‌ಗಳಿಗೆ ಡೇಟಾ. ಮೊದಲ ಎರಡು ಹಳೆಯ ರೀತಿಯಲ್ಲೇ ಎಸ್‌ಎಸ್‌ಸಿಎಚ್ ಮೇಲೆ ನಡೆಯುತ್ತವೆ. ಡೇಟಾ ಸಾಧನಕ್ಕೂ ಎಸ್‌ಎಸ್‌ಸಿಎಚ್ ಬೇಕು, ಆದರೆ ಕ್ಯೂಗಳನ್ನು ಸ್ಥಾಪಿಸಿ ಚಾಲೂ ಮಾಡುವುದಕ್ಕೆ ಮಾತ್ರ. ಒಂದು ಕ್ಯೂನಲ್ಲಿ 128 ಬಫರ್‌ಗೆ (ಡೇಟಾ ಇಡುವ ಮೆಮೊರಿ ಜಾಗ) ಸ್ಥಾನ. ಪ್ರತಿ ಬಫರ್‌ಗೂ 1 ಬೈಟ್ ಸ್ಥಿತಿ: ಈಗ ಇದು ಕಾರ್ಡ್‌ನದೋ, ಪ್ರೋಗ್ರಾಂನದೋ, ಖಾಲಿಯೋ, ತುಂಬಿದೆಯೋ ಅಂತ. ಖಾಲಿ ಬಫರ್‌ಗಳನ್ನು ಮೊದಲೇ ಕಾರ್ಡ್‌ಗೆ ಒಪ್ಪಿಸಿರುತ್ತೇವೆ. ಪ್ಯಾಕೆಟ್ ಬಂದರೆ ಕಾರ್ಡ್ ನೇರ ಮೆಮೊರಿಗೆ ಬರೆದು ಆ ಬೈಟ್ ಬದಲಿಸುತ್ತದೆ. ಕಳಿಸುವಾಗ ನಾವು ಬೈಟ್ ಬದಲಿಸಿ, ಸಿಗಾ ಇನ್‌ಸ್ಟ್ರಕ್ಷನ್‌ನಿಂದ ಕಾರ್ಡ್‌ಗೆ ಸೂಚನೆ ಕೊಟ್ಟರೆ ಆಯಿತು. ಪ್ಯಾಕೆಟ್ ದಾರಿಯಲ್ಲಿ ಸಿಸಿಡಬ್ಲ್ಯೂ ಇಲ್ಲವೇ ಇಲ್ಲ. ನನ್ನ ಕಣ್ಣಿಗೆ ಚಾನೆಲ್ ಚರಿತ್ರೆಯಲ್ಲೇ ಅತಿ ಚೆಂದದ ಬದಲಾವಣೆ ಇದು.

ಈ ವ್ಯತ್ಯಾಸ ತಿಳಿದಿದ್ದರೆ ತೊಂದರೆ ಹುಡುಕುವುದು ಸಲೀಸು. ಝಡ್/ಒಎಸ್‌ನಲ್ಲಿ (ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್) ನೆಟ್‌ವರ್ಕ್ ಇಂಟರ್ಫೇಸ್ ಮೇಲೇಳಲೇ ಇಲ್ಲ ಅಂದರೆ ನಾನು ಟಿಸಿಪಿ ಕಡೆ ನೋಡುವುದೇ ಇಲ್ಲ. ಮೊದಲು ಮೂರೂ ಸಾಧನ ಆನ್‌ಲೈನ್ ಇವೆಯಾ, ವಿಟ್ಯಾಮ್‌ನ (ನೆಟ್‌ವರ್ಕ್ ಸಂಪರ್ಕ ನೋಡಿಕೊಳ್ಳುವ ತಂತ್ರಾಂಶ) ಟಿಆರ್‌ಎಲ್‌ಇಯಲ್ಲಿ, ಅಂದರೆ ಸಾಧನಗಳ ನಂಬರ್ ಬರೆದಿರುವ ಪಟ್ಟಿಯಲ್ಲಿ, ರೀಡ್, ರೈಟ್, ಡೇಟಾಪಾತ್ ನಂಬರ್ ಸರಿ ಇವೆಯಾ ನೋಡುತ್ತೇನೆ, ಯಾಕೆಂದರೆ ಅದು ಎಸ್‌ಎಸ್‌ಸಿಎಚ್ ಹಂತ. ಇಂಟರ್ಫೇಸ್ ಎದ್ದಿದೆ, ಆದರೆ ನಿಧಾನ ಅಂದರೆ ಎಸ್‌ಎಸ್‌ಸಿಎಚ್ ಬಿಟ್ಟುಬಿಡುತ್ತೇನೆ. ಆಗ ನೋಡಬೇಕಾದ್ದು ಬಫರ್‌ಗಳನ್ನು. ಝಡ್/ಒಎಸ್‌ನಲ್ಲಿ ಓದುವ ಬಫರ್ ಒಂದೊಂದೂ 64 ಕೆಬಿ, ಗರಿಷ್ಠ ಮಟ್ಟದಲ್ಲಿ 64 ಬಫರ್, ಅಂದರೆ ಪ್ರತಿ ಡೇಟಾ ಸಾಧನಕ್ಕೆ 4 ಎಂಬಿ. ಕನಿಷ್ಠಕ್ಕೆ ಇಟ್ಟಿದ್ದರೆ 1 ಎಂಬಿ ಮಾತ್ರ. ಟ್ರಾಫಿಕ್ ಜಾಸ್ತಿ ಇರುವ ಇಂಟರ್ಫೇಸ್‌ಗೆ ಅದನ್ನು ಹೆಚ್ಚಿಸಿ ನೋಡುತ್ತೇನೆ.